ಪೆಂಡ್ಲರ್‌ಪೌಷಾಲೆ, ಎರಡು ಮನೆ, ಕಡಿತ: ಇವಕ್ಕೆ ಕನ್ನಡದಲ್ಲಿ ಏನನ್ನೋಣ?

ಜರ್ಮನಿಗೆ ಹೊಸದಾಗಿ ಬರುವ ಕನ್ನಡಿಗರಿಗಾಗಿ ಆದಾಯ ತೆರಿಗೆ ಬಗ್ಗೆ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಕೆಲಸಕ್ಕೆ ದೂರದಿಂದ ಓಡಾಡುವವರಿಗೆ, ಕೆಲಸದ ಊರಲ್ಲಿ ಇನ್ನೊಂದು ಮನೆ ಹಿಡಿದವರಿಗೆ ಇಲ್ಲಿ ತೆರಿಗೆಯಲ್ಲಿ ಅನುಕೂಲ ಇದೆ. ಆ ಭಾಗಕ್ಕೆ ಬಂದಾಗ ಮೂರು ಮಾತುಗಳ ಹತ್ತಿರ ಲೇಖನಿ ನಿಂತಿದೆ. ಬಲ್ಲವರು ಹೇಳಬೇಕು.

ಮೊದಲನೆಯದು ಪೆಂಡ್ಲರ್‌ಪೌಷಾಲೆ. ಪೆಂಡ್ಲರ್ ಅಂದರೆ ಕೆಲಸಕ್ಕಾಗಿ ದಿನಾ ಹೋಗಿಬರುವವರು. ತುಮಕೂರಿನಿಂದ ಬೆಂಗಳೂರಿಗೆ ರೈಲಲ್ಲಿ ಹೋಗುವವರು 'ಅಪ್ ಅಂಡ್ ಡೌನ್ ಮಾಡ್ತೀನಿ' ಅಂತಾರಲ್ಲ, ಅದೇ. 'ಪ್ರಯಾಣಿಕ' ಅಂದರೆ ಧರ್ಮಸ್ಥಳಕ್ಕೆ ಹೊರಟವರೂ ಸೇರಿಬಿಡುತ್ತಾರೆ. ಸರಿ, 'ಓಡಾಟದ ಭತ್ಯೆ' ಅನ್ನೋಣವೇ? ಭತ್ಯೆ ಅಂದರೆ ಕೆಲಸ ಕೊಟ್ಟವರು ಕೈಗೆ ಕೊಡುವ ದುಡ್ಡು. ಇಲ್ಲಿ ಯಾರೂ ಏನೂ ಕೊಡುವುದಿಲ್ಲ, ತೆರಿಗೆ ಹಾಕುವ ಮುಂಚೆ ಓಡಾಟದ ಖರ್ಚನ್ನು ಆದಾಯದಿಂದ ಕಳೆಯಲು ಬಿಡುತ್ತಾರೆ ಅಷ್ಟೇ. ಭಾರತದಲ್ಲಿ ತಿಂಗಳಿಗೆ 1,600 ರೂಪಾಯಿವರೆಗೆ ತೆರಿಗೆ ಇಲ್ಲದ ಸಾರಿಗೆ ಭತ್ಯೆ ಇತ್ತು, 2018ರ ಬಜೆಟ್ಟಿನಲ್ಲಿ ಅದನ್ನು ತೆಗೆದು ಸ್ಟ್ಯಾಂಡರ್ಡ್ ಡಿಡಕ್ಷನ್ (ಸಂಬಳದವರ ಆದಾಯದಿಂದ ಬಿಲ್ಲು ಕೇಳದೆ ಕಳೆಯುವ ಗೊತ್ತಾದ ಮೊತ್ತ) ತಂದರು. ಅದನ್ನು ಕಂಡವರು ಇದನ್ನೂ ಹಾಗೇ ಅಂದುಕೊಳ್ಳುತ್ತಾರೆ.

'ಓಡಾಟ' ಅನ್ನುವುದರಲ್ಲೂ ತೊಡಕಿದೆ. ನಮ್ಮ ಓಡಾಟದಲ್ಲಿ ಹೋಗುವುದೂ ಬರುವುದೂ ಎರಡೂ ಇದೆ. ಜರ್ಮನ್ ಕಾನೂನು ಒಂದೇ ಕಡೆಯ ದೂರ ಎಣಿಸುತ್ತದೆ. ಕಾರಾಗಲಿ, ಸೈಕಲ್ಲಾಗಲಿ, ನಡಿಗೆಯಾಗಲಿ, ದರ ಅದೇ. ಪೆಂಡ್ಲರ್‌ಪೌಷಾಲೆ ಅನ್ನುವುದು ಜನರ ಮಾತು. ಕಾನೂನಿನವರು ಹೇಳುವುದು ಎಂಟ್‌ಫೆರ್ನುಂಗ್ಸ್‌ಪೌಷಾಲೆ ಅಂತ, ಎಂಟ್‌ಫೆರ್ನುಂಗ್ ಅಂದರೆ ದೂರ. ಹಾಗಾಗಿ ನನ್ನ ಒಲವು 'ದೂರದ ಲೆಕ್ಕ' ಕಡೆಗೆ. ಪೌಷಾಲೆಗೆ 'ಇಡಿಗಂಟು' ಅಂತ ಒಬ್ಬರು ಸೂಚಿಸಿದರು. ನನಗೆ ಒಪ್ಪಿಗೆಯಾಗಲಿಲ್ಲ. ಇದು ಗಂಟು ಅಲ್ಲ, ಬಿಲ್ಲು ಕೇಳದೆ ಕಿಲೋಮೀಟರಿಗೆ ಇಷ್ಟು ಅಂತ ಗೊತ್ತು ಮಾಡಿದ ದರ.

ಎರಡನೆಯದು ದೊಪ್ಪೆಲ್ಟೆ ಹೌಸ್‌ಹಾಲ್ಟ್ಸ್‌ಫ್ಯೂರುಂಗ್, ಅಂದರೆ ಕೆಲಸಕ್ಕಾಗಿ ಇನ್ನೊಂದು ಊರಲ್ಲೂ ಮನೆ ನಡೆಸುವುದು. ಹೆಂಡತಿ ಮಕ್ಕಳು ಹ್ಯಾಂಬರ್ಗಿನಲ್ಲಿ, ಕೆಲಸ ಮ್ಯೂನಿಕ್ಕಿನಲ್ಲಿ ಅಂದುಕೊಳ್ಳಿ. ಮ್ಯೂನಿಕ್ಕಿನ ಬಾಡಿಗೆಯನ್ನು ತಿಂಗಳಿಗೆ 1,000 ಯೂರೋವರೆಗೆ ತೆರಿಗೆ ಲೆಕ್ಕದಲ್ಲಿ ಖರ್ಚು ಅಂತ ತೋರಿಸಬಹುದು. ವಾರಕ್ಕೊಮ್ಮೆ ಮನೆಗೆ ಹೋಗಿಬಂದದ್ದನ್ನೂ ತೋರಿಸಬಹುದು. ಇದನ್ನು ನೇರವಾಗಿ 'ಎರಡು ಸಂಸಾರ' ಅಂತ ಬರೆದರೆ ಏನಾಗುತ್ತದೆ ಅಂತ ನಿಮಗೇ ಗೊತ್ತು! 'ಎರಡು ಮನೆ ಮಾಡಿದಾನೆ' ಅಂದರೂ ಊರವರು ಮುಖ ಮುಖ ನೋಡುತ್ತಾರೆ. ತೆರಿಗೆ ಕೈಪಿಡಿಯಲ್ಲಿ ಆ ರಗಳೆ ಬೇಡ.

'ಎರಡು ಒಲೆ' ಅಂತಲೂ ಯೋಚಿಸಿದೆ. ಆದರೆ 'ಒಲೆ ಬೇರೆ ಆಯ್ತು' ಅಂದರೆ ಅಣ್ಣತಮ್ಮಂದಿರು ಪಾಲಾದರು ಅಂತ ಅರ್ಥ. ಒಂದು ವಿಷಯದಲ್ಲಿ ಮಾತ್ರ ಒಲೆ ಚೆನ್ನಾಗಿ ಒದಗುತ್ತದೆ. ಮೂಲ ಮನೆಯಲ್ಲಿ ನಿಮ್ಮದೇ ಸಂಸಾರ ನಡೆಯುತ್ತಿರಬೇಕು, ಅದರ ಖರ್ಚಿಗೆ ನೀವೂ ಕೈ ಹಾಕಿರಬೇಕು ಅನ್ನುವುದು ಇಲ್ಲಿನ ಶರತ್ತು. 2014ರಿಂದ ಇದು ಬಿಗಿಯಾಗಿದೆ. ಅಪ್ಪ ಅಮ್ಮನ ಮನೆಯಲ್ಲಿ ಒಂದು ಕೋಣೆ ಇಟ್ಟುಕೊಂಡ ಮಗನಿಗೆ ಇದು ಸಿಗುವುದಿಲ್ಲ. ಅವನಿಗೆ ಸ್ವಂತ ಒಲೆ ಇಲ್ಲ ಅಂದರೆ ಯಾವ ಅಜ್ಜಿಗೂ ತಿಳಿಯುತ್ತದೆ, ಅಲ್ವಾ?

ನನಗೆ ಹಿಡಿಸಿದ್ದು 'ಬಿಡಾರ'. ಕೆಲಸ ಇರುವಷ್ಟು ದಿನ ಇಳಿದುಕೊಳ್ಳುವ ಜಾಗ. ಬದುಕು ಇರುವ ಕಡೆ 'ಮನೆ', ಕೆಲಸ ಇರುವ ಕಡೆ 'ಬಿಡಾರ'. ಕಾನೂನು ಮಾಡುವ ಭೇದವೂ ಅದೇ. 'ಬಿಡಾರದ ಖರ್ಚು' ಅಂತ ಬರೆದರೆ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಕಿರಿಯರಿಗೆ ಈ ಮಾತು ಇನ್ನೂ ಗೊತ್ತಿದೆಯೇ? ಟೆಂಟು, ಗುಡಾರದ ಚಿತ್ರ ಬಂದುಬಿಡುತ್ತದೆಯೇ?

ಮೂರನೆಯದೇ ಜಾಸ್ತಿ ಕಾಡುತ್ತಿರುವುದು: 'ಕಡಿತ'. ಪತ್ರಿಕೆಯಲ್ಲಿ 'ತೆರಿಗೆ ಕಡಿತ' ಅಂದರೆ ಸರ್ಕಾರ ದರ ಇಳಿಸಿತು ಅಂತ. ಬ್ಯಾಂಕಿನಲ್ಲಿ 'ಮೂಲದಲ್ಲೇ ತೆರಿಗೆ ಕಡಿತ' ಅಂದರೆ ನಮ್ಮ ದುಡ್ಡು ಹಿಡಿದುಕೊಂಡರು ಅಂತ. 'ಸಂಬಳದಲ್ಲಿ ಕಡಿತ' ಅಂತೂ ಕೆಟ್ಟ ಸುದ್ದಿಯೇ. ನಾನು ಹೇಳಬೇಕಾದದ್ದು ಇವ್ಯಾವುದೂ ಅಲ್ಲ, ಆದಾಯದಿಂದ ಖರ್ಚನ್ನು ಕಳೆಯುವುದು. 'ವಿನಾಯಿತಿ' ಅಂದರೆ ಪೂರ್ತಿ ಬಿಟ್ಟರು ಅನ್ನಿಸುತ್ತದೆ.

ಇದು ಸುಮ್ನೆ ಪದದ ಜಗಳ ಅಲ್ಲ. ಪೆಂಡ್ಲರ್‌ಪೌಷಾಲೆಯನ್ನೇ ನೋಡಿ: 2026ರಿಂದ ಮೊದಲ ಕಿಲೋಮೀಟರಿನಿಂದಲೇ ಕಿಲೋಮೀಟರಿಗೆ 38 ಸೆಂಟ್. ಅದಕ್ಕೆ ಮುಂಚೆ ಮೊದಲ 20 ಕಿಲೋಮೀಟರಿಗೆ 30 ಸೆಂಟ್ ಇತ್ತು. ಮನೆಯಿಂದ ಕಚೇರಿಗೆ 30 ಕಿಲೋಮೀಟರು, ವರ್ಷಕ್ಕೆ 200 ದಿನ ಅಂದರೆ 2,280 ಯೂರೋ. ಓದಿದವರು ಅಷ್ಟೂ ಕೈಗೆ ಬರುತ್ತದೆ ಅಂತ ಕುಣಿಯುತ್ತಾರೆ. ಆದರೆ ನೌಕರಿಯ ಖರ್ಚು ಅಂತ 1,230 ಯೂರೋವನ್ನು ತೆರಿಗೆಯವರು ಎಲ್ಲರಿಗೂ ಕೇಳದೆಯೇ ಕಳೆದಿರುತ್ತಾರೆ. ಬೇರೆ ಖರ್ಚು ತೋರಿಸದವರಿಗೆ ಇದರಿಂದ ಹೊಸದಾಗಿ ಸಿಗುವುದು ಮಿಕ್ಕ 1,050 ಮಾತ್ರ. ಅದೂ ಆದಾಯದಿಂದ ಕಳೆಯುವ ಮೊತ್ತ. ತೆರಿಗೆ ದರ ನೂರಕ್ಕೆ 30 ಇದ್ದವರಿಗೆ ಉಳಿಯುವುದು ಸುಮಾರು 315 ಯೂರೋ.

ಹೊಲದ ಲೆಕ್ಕದಲ್ಲಿ ನಮ್ಮವರು 'ಖರ್ಚು ಕಳೆದು ಇಷ್ಟು ಉಳೀತು' ಅಂತಾರೆ. ಅದನ್ನೇ ಹಿಡಿದು 'ಖರ್ಚು ಕಳೆ' ಅಂತ ಕ್ರಿಯಾಪದವಾಗಿಯೇ ಬಳಸಬೇಕೆಂದಿದ್ದೇನೆ: 'ಬಿಡಾರದ ಬಾಡಿಗೆಯನ್ನು ಆದಾಯದಿಂದ ಕಳೆಯಬಹುದು.' ವಾಕ್ಯದಲ್ಲಿ ಸರಿ ಹೋಗುತ್ತದೆ. ತಲೆಬರಹಕ್ಕೆ ನಾಮಪದ ಬೇಕಾದಾಗ ಏನು ಮಾಡಲಿ? 'ಕಳೆತ' ಓದುವವರಿಗೆ ಅಚ್ಚಿನ ತಪ್ಪಿನಂತೆ ಕಾಣಬಹುದು. ಹಳೆಯ ಲೆಕ್ಕಪತ್ರದಲ್ಲಿ ಬರುತ್ತಿದ್ದ 'ವಜಾ' ಈಗ ಕೆಲಸದಿಂದ ತೆಗೆದುಹಾಕುವುದಕ್ಕೆ ಮೀಸಲಾಗಿದೆ. 'ಮುರಿದುಕೊಳ್ಳುವುದು' ಸಾಲದ ಕಡೆ ವಾಲುತ್ತದೆ. ಉತ್ತರ ಕರ್ನಾಟಕದ, ಕರಾವಳಿಯ ಅಂಗಡಿ ಲೆಕ್ಕದಲ್ಲಿ ಇದಕ್ಕೆ ಬೇರೆ ಮಾತಿದ್ದರೆ, ಬಳಸುವ ಒಂದು ವಾಕ್ಯದ ಸಮೇತ ತಿಳಿಸಿ.