ಬೀಗ ಹಾಕಿದ ಮನೆಗೆ ಬಂದ ಆಧಾರ್ ಲಕೋಟೆಗಳು: ಆರ್‌ಟಿಇ ಅರ್ಜಿಗೆ ಮುನ್ನ ನಾವು ಮಾಡಬೇಕಾದುದು

ಕಾರ್ಯದರ್ಶಿ, ನಿವಾಸಿಗಳ ಸಂಘ:
ಸದಸ್ಯರೆಲ್ಲರಿಗೂ ನಮಸ್ಕಾರ. ಕಳೆದ ಮಂಗಳವಾರ ಅಂಚೆಯವರು ನಮ್ಮ ಗೇಟಿನ ಮುಂದೆ ನಿಂತು, ಆಧಾರ್ ಪ್ರಾಧಿಕಾರದಿಂದ ಬಂದ ಮೂರು ಲಕೋಟೆಗಳನ್ನು ತೋರಿಸಿ, "ಸಾರ್, ಪಕ್ಕದ ಮನೆಗೆ ಬೀಗ ಹಾಕಿದೆ, ಇವರು ಯಾರಾದರೂ ನಿಮಗೆ ಗೊತ್ತಾ?" ಎಂದು ಕೇಳಿದರು. ಮೂರೂ ಬೇರೆ ಬೇರೆ ಕುಟುಂಬಗಳ ಹೆಸರು, ಒಂದರ ಮೇಲೆ ತಂದೆಯ ಕೇರ್ ಆಫ್‌ನಲ್ಲಿ ಮಗುವಿನ ಹೆಸರು. ಆ ಮನೆಯಲ್ಲಿ ಎರಡು ವರ್ಷದಿಂದ ದೀಪ ಹಚ್ಚಿದ್ದನ್ನು ನಾನು ಕಂಡಿಲ್ಲ. ಲಕೋಟೆಗಳನ್ನು ಮುಟ್ಟದೆ ಹಾಗೆಯೇ ವಾಪಸು ಕಳಿಸಿದೆ. ನಮ್ಮ ವಾರ್ಡಿನ ಖಾಸಗಿ ಶಾಲೆಯೊಂದು ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯಡಿ ನೆರೆಹೊರೆಯ ಬಡ ಮಕ್ಕಳಿಗೆ ಸೀಟು ಕೊಡಬೇಕಾದ ಶಾಲೆಗಳ ಪಟ್ಟಿಯಲ್ಲಿ ಉಳಿದುಕೊಂಡಿದ್ದು, ಅರ್ಜಿ ಸಲ್ಲಿಕೆ ಆರಂಭವಾಗುವ ಹೊತ್ತಿಗೆ ಸರಿಯಾಗಿ ಹೊರಗಿನವರಿಗೆ ನಮ್ಮ ಬಡಾವಣೆಯ ವಿಳಾಸ ಬೇಕಾಗುತ್ತಿದೆ ಎಂಬುದು ನನ್ನ ಅನುಮಾನ. ಇಂಥದ್ದು ಬೇರೆ ಯಾರ ಗಮನಕ್ಕಾದರೂ ಬಂದಿದ್ದರೆ ದಯವಿಟ್ಟು ತಿಳಿಸಿ.

5ನೇ ಅಡ್ಡರಸ್ತೆಯ ನಿವಾಸಿ:
ಬಂದಿದೆ. ನಮ್ಮ ಮೇಲ್ಮಹಡಿ ಖಾಲಿ ಇದೆಯೆಂದು ತಿಳಿದ ಒಬ್ಬ ಮಧ್ಯವರ್ತಿ, ಮನೆ ನೋಡುವ ಮಾತೇ ಎತ್ತದೆ, ಬಾಡಿಗೆ ಕರಾರು ಪತ್ರ ಒಂದನ್ನು ಮಾತ್ರ ಮಾಡಿಕೊಟ್ಟರೆ ಸಾಕು, ಒಂದು ತಿಂಗಳ ಬಾಡಿಗೆಯಷ್ಟು ಹಣ ಕೊಡಿಸುತ್ತೇನೆ ಎಂದ. ನಾನು ಕಳಿಸಿಬಿಟ್ಟೆ, ಎಲ್ಲರೂ ಕಳಿಸಿರಲಾರರು. ನನ್ನ ಸಲಹೆ ಇಷ್ಟೆ: ಸಂಘವೇ ಮನೆಮನೆಗೆ ಹೋಗಿ ಯಾರು ವಾಸವಿದ್ದಾರೆಂದು ಪಟ್ಟಿ ಮಾಡಲಿ, ವಿಳಾಸದ ದಾಖಲೆ ಇಲ್ಲದವರ ಹೆಸರನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಕೊಡಲಿ.

2ನೇ ಅಡ್ಡರಸ್ತೆಯ ನಿವೃತ್ತ ಮುಖ್ಯಶಿಕ್ಷಕಿ:
ಪಟ್ಟಿ ಮಾಡುವ ಮೊದಲು ಈ ವಿಳಾಸಕ್ಕೆ ಇಷ್ಟು ಬೆಲೆ ಏಕೆ ಬಂತೆಂದು ಸ್ವಲ್ಪ ನೋಡೋಣ. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಖಾಸಗಿ ಶಾಲೆಗಳು ಪ್ರವೇಶದ ತರಗತಿಯಲ್ಲಿ ಕನಿಷ್ಠ 25 ಶೇಕಡಾ ಸೀಟುಗಳನ್ನು ನೆರೆಹೊರೆಯ ದುರ್ಬಲ ವರ್ಗದ ಮತ್ತು ಅವಕಾಶವಂಚಿತ ಮಕ್ಕಳಿಗೆ ಕೊಡಬೇಕೆಂಬ ಅದರ ನಿಯಮವನ್ನು ಸುಪ್ರೀಂ ಕೋರ್ಟ್ 2012ರಲ್ಲಿ ಎತ್ತಿಹಿಡಿಯಿತು. ಆ 'ನೆರೆಹೊರೆ' ಎಂಬ ಪದಕ್ಕೆ ನಮ್ಮ ರಾಜ್ಯದಲ್ಲಿ ಹಳ್ಳಿಯಲ್ಲಾದರೆ ಗ್ರಾಮ, ನಗರದಲ್ಲಾದರೆ ವಾರ್ಡ್ ಎಂದು ಅರ್ಥ ಮಾಡಲಾಯಿತು. ರಸ್ತೆಯ ಈ ಬದಿಯ ಮಗು ಅರ್ಹ, ಆ ಬದಿಯ ಮಗು ಅನರ್ಹ. ನಾನು ಸೇವೆಯಲ್ಲಿದ್ದಾಗಲೇ, ಸೀಟು ಹಂಚುವ ಲಾಟರಿಗೆ ಮುನ್ನ ವಿಳಾಸ ಬದಲಿಸಿ, ಸೀಟು ಸಿಕ್ಕ ಮೇಲೆ ಹಳೆಯ ಮನೆಯಿಂದಲೇ ಆಟೋದಲ್ಲಿ ಮಗುವನ್ನು ಕಳಿಸುತ್ತಿದ್ದ ತಂದೆ ತಾಯಿಯರನ್ನು ಕಂಡಿದ್ದೇನೆ.

2019ರ ಜನವರಿಯಲ್ಲಿ ಸರ್ಕಾರ ನಿಯಮಕ್ಕೆ ತಿದ್ದುಪಡಿ ತಂದು, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಅನುದಾನರಹಿತ ಶಾಲೆಗಳಿಗೆ ಈ ಹೊಣೆ ಇಲ್ಲವೆಂದಿತು. ಅದೇ ವರ್ಷದ ಮೇ ತಿಂಗಳಲ್ಲಿ ಹೈಕೋರ್ಟ್ ಕೂಡ ಆ ತಿದ್ದುಪಡಿಯನ್ನು ಒಪ್ಪಿತು. ರಾಜ್ಯದಲ್ಲಿ ಒಂದು ಲಕ್ಷಕ್ಕೂ ಹೆಚ್ಚಿದ್ದ ಸೀಟುಗಳು ಒಂದೇ ವರ್ಷದಲ್ಲಿ ಇಪ್ಪತ್ತು ಸಾವಿರದೊಳಕ್ಕೆ ಇಳಿದವು. ಬಾವಿಗಳು ಬತ್ತಿದ ಊರಿನಲ್ಲಿ ಉಳಿದ ಒಂದು ಬಾವಿಗೆ ಕೊಡಗಳ ಸಾಲು ಬೆಳೆದ ಹಾಗೆ, ಪಟ್ಟಿಯಲ್ಲಿ ಉಳಿದ ನಮ್ಮಂಥ ವಾರ್ಡುಗಳ ಮೇಲೆ ಒತ್ತಡ ಬಿದ್ದಿದೆ.

1ನೇ ಅಡ್ಡರಸ್ತೆಯ ನಿವಾಸಿ:
ಇದನ್ನು ಬರೆಯುವುದೋ ಬೇಡವೋ ಎಂದು ನಿನ್ನೆಯಿಂದ ಯೋಚಿಸಿದೆ. ಮೂರು ವರ್ಷದ ಹಿಂದೆ ನನ್ನ ತಂಗಿಯ ಮಗನಿಗಾಗಿ ನಾನೇ ನಮ್ಮ ಮನೆಯ ವಿಳಾಸ ಕೊಟ್ಟಿದ್ದೇನೆ. ತಂಗಿಯ ಗಂಡ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುತ್ತಾರೆ, ವಾಸ ಇಲ್ಲಿಂದ ಆರು ಕಿಲೋಮೀಟರ್ ದೂರ. ಅವರು ಬಡವರೆಂಬುದು ಸುಳ್ಳಲ್ಲ, ಇಲ್ಲಿಯವರೆಂಬುದು ಸುಳ್ಳು. ಒಡಹುಟ್ಟಿದವಳು ಅಡುಗೆಮನೆಯಲ್ಲಿ ನಿಂತು ಕೇಳಿದಾಗ ಇಲ್ಲವೆನ್ನಲು ನನ್ನಿಂದ ಆಗಲಿಲ್ಲ. ಆ ಸೀಟು ಇಲ್ಲಿಯ ಯಾವ ಮಗುವಿಗೆ ತಪ್ಪಿತೆಂಬುದು ಆಗ ನನ್ನ ತಲೆಗೇ ಬಂದಿರಲಿಲ್ಲ.

5ನೇ ಅಡ್ಡರಸ್ತೆಯ ನಿವಾಸಿ:
ನಿಮ್ಮ ಪ್ರಾಮಾಣಿಕತೆಗೆ ಗೌರವವಿದೆ ಸರ್. ಆದರೂ ತಪ್ಪು ತಪ್ಪೇ. ದಾಖಲೆ ಪರಿಶೀಲನೆ ಬಿಗಿ ಮಾಡುವುದೊಂದೇ ದಾರಿ.

2ನೇ ಅಡ್ಡರಸ್ತೆಯ ನಿವೃತ್ತ ಮುಖ್ಯಶಿಕ್ಷಕಿ:
ಬಿಗಿ ಮಾಡಿದರೆ ಯಾರು ಸಿಕ್ಕಿಬೀಳುತ್ತಾರೆಂದು ಸ್ವಲ್ಪ ಲೆಕ್ಕ ಹಾಕಿ ನೋಡಿ. ಸುಳ್ಳು ವಿಳಾಸದವರ ಬಳಿ ಕರಾರು ಪತ್ರ, ಆಧಾರ್, ಎಲ್ಲವೂ ಒಂದಕ್ಷರ ತಪ್ಪಿಲ್ಲದೆ ಇರುತ್ತವೆ, ಏಕೆಂದರೆ ಅವರು ಅದಕ್ಕೆಂದೇ ಮಾಡಿಸಿಕೊಂಡವರು. ದಾಖಲೆ ಇಲ್ಲದವರು ನಿಜವಾಗಿ ಇಲ್ಲೇ ಇರುವವರು. 4ನೇ ಅಡ್ಡರಸ್ತೆಯ ಹೊಂಗೆಮರದ ಕೆಳಗೆ ಇಸ್ತ್ರಿ ಗಾಡಿ ಇಟ್ಟುಕೊಂಡಿರುವವರ ಮಗಳನ್ನೇ ನೋಡಿ. ಆರು ವರ್ಷದಿಂದ ಆ ಕುಟುಂಬ ಖಾಲಿ ಸೈಟಿನ ತಗಡಿನ ಶೆಡ್ಡಿನಲ್ಲಿದೆ. ಮಗು ಹುಟ್ಟಿದ್ದೇ ಇಲ್ಲಿಗೆ ಬಂದ ಮೇಲೆ. ಅದು ಗಾಡಿಯ ಕೆಳಗಿನ ನೆರಳಿನಲ್ಲಿ ಕುಳಿತು, ಇದ್ದಿಲ ಚೂರಿನಿಂದ ಚಪ್ಪಡಿಯ ಮೇಲೆ ಅ, ಆ ತಿದ್ದುವುದನ್ನು ನಾನು ದಿನವೂ ಹಾಲಿಗೆ ಹೋಗುವಾಗ ನೋಡುತ್ತೇನೆ. ತಂದೆಯ ಆಧಾರ್‌ನಲ್ಲಿರುವುದು ಯಾದಗಿರಿ ಜಿಲ್ಲೆಯ ಹಳ್ಳಿಯ ವಿಳಾಸ. ಹೋದ ಭಾನುವಾರ ಅವರ ಕಾಗದಗಳನ್ನು ತರಿಸಿ ನೋಡಿದೆ: ಜಾತಿ ಮತ್ತು ಆದಾಯ ಪ್ರಮಾಣಪತ್ರ ಇದೆ, ಮಗುವಿನ ಜನನ ಪ್ರಮಾಣಪತ್ರ ಇದೆ, ಈ ವಾರ್ಡಿನವರೆಂದು ಹೇಳುವ ಒಂದು ಚೀಟಿಯೂ ಇಲ್ಲ. ನೀವು ಹೇಳುವ ಪಟ್ಟಿ ತಯಾರಾದರೆ ಮೊದಲ ಹೆಸರು ಅವರದ್ದೇ.

3ನೇ ಮುಖ್ಯರಸ್ತೆಯ ವಕೀಲರು:
ಮೇಡಂ ಹೇಳಿದ್ದು ಸರಿ. ಹನ್ನೊಂದು ತಿಂಗಳ ಕರಾರಿಗೆ ನೋಂದಣಿ ಕಡ್ಡಾಯವಲ್ಲದ ಕಾರಣ ಅದು ಉಪನೋಂದಣಾಧಿಕಾರಿಗಳ ಮುಂದೆ ಬರುವುದೇ ಇಲ್ಲ. ಇ-ಸ್ಟಾಂಪ್ ಕಾಗದ, ಎರಡು ಸಹಿ, ನೋಟರಿಯ ಮುದ್ರೆ, ಅಲ್ಲಿಗೆ ಮುಗಿಯಿತು. ಹಣಕ್ಕಾಗಿ ಸುಳ್ಳು ಕರಾರಿಗೆ ಸಹಿ ಹಾಕುವ ಮಾಲೀಕರು ಸುಳ್ಳು ದಾಖಲೆಯಲ್ಲಿ ತಾವೂ ಪಾಲುದಾರರೆಂಬುದನ್ನು ತಿಳಿದಿರಬೇಕು.

ಶೆಡ್ಡಿನ ವಿಷಯಕ್ಕೆ ಬರೋಣ. ಸೈಟಿನ ಮಾಲೀಕರು ಕಾಗದ ಮಾಡಿಕೊಡಲು ಹೆದರುವುದು, ನಾಳೆ ಇವರು ಜಾಗವೇ ತಮ್ಮದೆಂದಾರು ಎಂಬ ಕಾರಣಕ್ಕೆ. ಕಾನೂನಿನಲ್ಲಿ ಇದು ತಿರುಗುಮುರುಗು. ಮಾಲೀಕರ ಒಪ್ಪಿಗೆಯಿಂದ ಇದ್ದಾರೆಂದು ಬರವಣಿಗೆಯಲ್ಲಿದ್ದರೆ ಪ್ರತಿಕೂಲ ಸ್ವಾಧೀನದ ವಾದ, ಅಂದರೆ ಒಪ್ಪಿಗೆಯಿಲ್ಲದೆ ಬಹುಕಾಲ ಅನುಭವಿಸಿದ್ದರಿಂದ ಜಾಗ ತಮ್ಮದೆನ್ನುವ ವಾದ, ನಿಲ್ಲುವುದೇ ಕಷ್ಟ. ಏನೂ ಬರೆಯದೆ ವರ್ಷಗಟ್ಟಲೆ ಬಿಟ್ಟಿರುವುದೇ ಮಾಲೀಕರಿಗೆ ಹೆಚ್ಚು ಅಪಾಯ. ಇನ್ನೊಂದು ಮಾತು. ಲಾಟರಿಯಲ್ಲಿ ಹೆಸರು ಬರದಿದ್ದರೂ ಸರ್ಕಾರಿ ಶಾಲೆಯ ಬಾಗಿಲು ಆ ಮಗುವಿಗೆ ತೆರೆದೇ ಇರಬೇಕು. ವಲಸೆ ಕುಟುಂಬಗಳ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳುವುದು ಸ್ಥಳೀಯ ಪ್ರಾಧಿಕಾರದ ಕರ್ತವ್ಯವೆಂದು ಕಾಯ್ದೆಯ 9ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ.

5ನೇ ಅಡ್ಡರಸ್ತೆಯ ನಿವಾಸಿ:
ಇಸ್ತ್ರಿಯವರ ವಿಷಯ ನನಗೆ ಹೊಳೆದಿರಲಿಲ್ಲ, ನಮ್ಮ ಮನೆಯ ಬಟ್ಟೆಯೂ ಅವರ ಹತ್ತಿರವೇ ಹೋಗುತ್ತದೆ. ಪಟ್ಟಿಯ ಸಲಹೆಯನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೆ ಆ ಮಧ್ಯವರ್ತಿಯನ್ನು ಸುಮ್ಮನೆ ಬಿಡಬಾರದು.

ಕಾರ್ಯದರ್ಶಿ, ನಿವಾಸಿಗಳ ಸಂಘ:
ಬಿಡುವುದು ಬೇಡ. ಎಲ್ಲರೂ ಒಪ್ಪುವುದಾದರೆ ಹೀಗೆ ಮಾಡೋಣ. ಹಣ ಪಡೆದು ಕರಾರು ಮಾಡಿಕೊಡಬೇಡಿರೆಂದು ಮನೆ ಮಾಲೀಕರೆಲ್ಲರಿಗೂ ಸಂಘದ ಪತ್ರ ಹೋಗಲಿ. ಬೀಗ ಹಾಕಿರುವ ಮನೆಗಳ ಮಾಲೀಕರಿಗೆ ಅವರ ವಿಳಾಸ ಬಳಕೆಯಾಗುತ್ತಿರುವುದನ್ನು ನಾನೇ ಕರೆ ಮಾಡಿ ತಿಳಿಸುತ್ತೇನೆ. ಮಧ್ಯವರ್ತಿಯ ಬಗ್ಗೆ 5ನೇ ಅಡ್ಡರಸ್ತೆಯವರು ಬರೆದುಕೊಟ್ಟರೆ, ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ದೂರಿನ ಜೊತೆ ಸೇರಿಸೋಣ. ಯಾವ ಮಗುವಿನ ಹೆಸರೂ ದೂರಿನಲ್ಲಿ ಇರಕೂಡದು, ಈಗಾಗಲೇ ಶಾಲೆಯಲ್ಲಿರುವ ಮಗುವನ್ನು ಎಬ್ಬಿಸುವ ಕೆಲಸ ನಮ್ಮದಲ್ಲ. ಶೆಡ್ಡುಗಳಲ್ಲಿ, ಕಾವಲುಗಾರರ ಕೋಣೆಗಳಲ್ಲಿ ಶಾಲೆ ಸೇರುವ ವಯಸ್ಸಿನ ಮಕ್ಕಳೆಷ್ಟಿದ್ದಾರೆಂದು ಮೇಡಂ ನೋಡಿ ಹೇಳಲಿ, ಅವರ ಕರಾರು ಪತ್ರದ ಖರ್ಚನ್ನು ಸಂಘ ಕೊಡುತ್ತದೆ.

1ನೇ ಅಡ್ಡರಸ್ತೆಯ ನಿವಾಸಿ:
ಆ ಖರ್ಚು ನನ್ನದಿರಲಿ, ದಯವಿಟ್ಟು ಬೇಡವೆನ್ನಬೇಡಿ. ಇಸ್ತ್ರಿಯವರಿರುವ ಸೈಟಿನ ಮಾಲೀಕರು ಈಗ ಎಲ್ಲಿದ್ದಾರೆ?

2ನೇ ಅಡ್ಡರಸ್ತೆಯ ನಿವೃತ್ತ ಮುಖ್ಯಶಿಕ್ಷಕಿ:
ಶಿವಮೊಗ್ಗದಲ್ಲಿ ಮಗನ ಮನೆಯಲ್ಲಿದ್ದಾರೆ, ಸಂಖ್ಯೆ ನನ್ನ ಬಳಿ ಇದೆ. ಕಿವಿ ಸ್ವಲ್ಪ ಮಂದ, ಮಧ್ಯಾಹ್ನ ಮಲಗುತ್ತಾರೆ. ಭಾನುವಾರ ಸಂಜೆ ಐದರ ಮೇಲೆ ಮಾತನಾಡುತ್ತೇನೆ. ವಕೀಲರು ಆ ಹೊತ್ತಿಗೆ ನಮ್ಮ ಮನೆಗೇ ಬಂದರೆ, ಜಾಗ ಹೋಗುವುದಿಲ್ಲವೆಂಬ ಮಾತನ್ನು ಅವರ ಬಾಯಿಂದಲೇ ಹೇಳಿಸಬಹುದು.

3ನೇ ಮುಖ್ಯರಸ್ತೆಯ ವಕೀಲರು:
ಬರುತ್ತೇನೆ ಮೇಡಂ. ಕರಡು ಪತ್ರವನ್ನೂ ಬರೆದು ತರುತ್ತೇನೆ. ಶೆಡ್ಡಿಗೆ ಮನೆ ಸಂಖ್ಯೆ ಇಲ್ಲದ ಕಾರಣ ಸೈಟಿನ ಸಂಖ್ಯೆ ಬೇಕಾಗುತ್ತದೆ, ಯಾರಾದರೂ ಮೂಲೆಯ ಕಲ್ಲಿನ ಮೇಲೆ ನೋಡಿ ತಿಳಿಸಿ.