ಪುಟ್ಟನ ರಿಪೋರ್ಟು, ಅಪ್ಪನ ರಿಪೋರ್ಟು

ದೊಡ್ಡಪ್ಪ: (ಫಾರ್ವರ್ಡ್ ಮಾಡಿದ್ದು) ಫ್ಲೂ ಗುರುತಿಸುವುದು ಬಲು ಸುಲಭ!! ಜ್ವರ, ಒಣಕೆಮ್ಮು, ಮೈಕೈ ನೋವು ಇದ್ದರೆ ಮಾತ್ರ ಫ್ಲೂ. ವಾಂತಿ ಭೇದಿ ಇದ್ದರೆ ಫ್ಲೂ ಅಲ್ಲವೇ ಅಲ್ಲ. ಲಿಂಫೋಸೈಟ್ 40 ದಾಟಿದರೆ ಅಪಾಯ. ಎಸ್‌ಜಿಒಟಿ ಏರಿದರೆ ಲಿವರ್‌ಗೆ ಪೆಟ್ಟು. ದೊಡ್ಡವರಿಗೂ ಮಕ್ಕಳಿಗೂ ಒಂದೇ ಲೆಕ್ಕ. ಎಲ್ಲರಿಗೂ ಕಳಿಸಿ 🙏

ಗೀತಾ ಅತ್ತಿಗೆ: ಅಯ್ಯೋ, ನಮ್ಮ ಪುಟ್ಟನಿಗೆ ಇದೆಲ್ಲ ಇದೆಯಲ್ಲ! ಮೊದಲ ದಿನ ಎರಡು ಸಲ ವಾಂತಿ ಮಾಡಿದ. ಲಿಂಫೋಸೈಟ್ 52, ಎಸ್‌ಜಿಒಟಿ 140. ಇವರಿಗೂ ಫ್ಲೂ, ಆದರೆ ಇವರ ಲಿಂಫೋಸೈಟ್ ಬರೀ 14. ಒಂದೇ ಮನೆ, ಒಂದೇ ಜ್ವರ, ರಿಪೋರ್ಟ್ ಯಾಕೆ ಹೀಗೆ?

ಕಿರಣ: ಪುಟ್ಟನದು ಬೇರೆ ಏನೋ ಇರಬೇಕು. ಲಿವರ್ ಸ್ಕ್ಯಾನ್ ಮಾಡಿಸಿಬಿಡಿ ಅತ್ತಿಗೆ, ಸುಮ್ನೆ ಯಾಕೆ ರಿಸ್ಕ್.

ನಾನು: ಸ್ವಲ್ಪ ತಡಿ ಕಿರಣ. ದೊಡ್ಡಪ್ಪ, ಬೇಜಾರು ಮಾಡ್ಕೋಬೇಡಿ, ಈ ಮೆಸೇಜಿನಲ್ಲಿ ತೀರಾ ತಪ್ಪಾಗಿರುವುದು ‘ಒಂದೇ ಲೆಕ್ಕ’ ಅನ್ನುವ ಸಾಲು. ದಿನಾ ಲ್ಯಾಬ್‌ನಲ್ಲಿ ಕೂತು ಇದನ್ನೇ ನೋಡುವವಳು ನಾನು. ಪುಟ್ಟನಿಗೆ 4 ವರ್ಷ. ಆ ವಯಸ್ಸಿನ ಮಕ್ಕಳ ರಕ್ತದಲ್ಲಿ ಅರ್ಧದಷ್ಟು ಬಿಳಿ ಕಣ ಲಿಂಫೋಸೈಟೇ ಇರುತ್ತದೆ, ಆರೋಗ್ಯವಾಗಿದ್ದಾಗಲೂ. ನೂರಕ್ಕೆ 40ರ ಗಡಿ ದೊಡ್ಡವರದ್ದು. ರಿಪೋರ್ಟ್‌ನಲ್ಲಿ ಪಕ್ಕಕ್ಕೆ ದಪ್ಪಕ್ಷರದಲ್ಲಿ ‘ಹೈ’ ಅಂತ ಬಂದಿದ್ದರೆ, ಅಲ್ಲಿ ಯಾವ ವಯಸ್ಸಿನ ರೇಂಜ್ ಹಾಕಿದ್ದಾರೆ ಅಂತ ನೋಡಿ ಮೊದಲು.

ದೊಡ್ಡಪ್ಪ: ಇದನ್ನು ಕಳಿಸಿದವರು ತುಂಬಾ ಓದಿಕೊಂಡವರಮ್ಮ.

ನಾನು: ಇರಲಿ ದೊಡ್ಡಪ್ಪ, ಲೆಕ್ಕ ಮಾಡಿಯೇ ನೋಡೋಣ. ಅತ್ತಿಗೆ, ಇಬ್ಬರದೂ ಒಟ್ಟು ಬಿಳಿ ಕಣ ಎಷ್ಟಿದೆ?

ಗೀತಾ ಅತ್ತಿಗೆ: ಪುಟ್ಟ 4200. ಇವರು 5600.

ನಾನು: 4200ರಲ್ಲಿ ನೂರಕ್ಕೆ 52 ಅಂದರೆ ಸುಮಾರು 2180 ಲಿಂಫೋಸೈಟ್. ಅವನ ವಯಸ್ಸಿಗೆ ಅದು ಜಾಸ್ತಿ ಅಲ್ಲ, ಕೆಳಗಿನ ಅಂಚಿನಲ್ಲೇ ಇದೆ. ಒಟ್ಟು ಕಣವೇ ಕಮ್ಮಿಯಾಗಿದೆ, ಫ್ಲೂನಲ್ಲಿ ಮಕ್ಕಳಿಗೆ ಹೀಗಾಗುವುದು ಮಾಮೂಲಿ. ರಮೇಶಣ್ಣನದು 5600ರಲ್ಲಿ ನೂರಕ್ಕೆ 14, ಅಂದರೆ 784. ದೊಡ್ಡವರಿಗೆ 1000ಕ್ಕಿಂತ ಕೆಳಗಿದ್ದರೆ ಕಮ್ಮಿ ಅಂತಲೇ ಲೆಕ್ಕ. ಫ್ಲೂ ಬಂದಾಗ ಇದೂ ಇಳಿಯುತ್ತದೆ, ಆಮೇಲೆ ತಾನೇ ಏರುತ್ತದೆ. ಶೇಕಡಾ ಮಾತ್ರ ನೋಡಿದರೆ ಮಗನದು ಹೆಚ್ಚು ಅಪ್ಪನದು ಕಮ್ಮಿ ಅನ್ನಿಸುತ್ತದೆ ಅಷ್ಟೇ.

ಕಿರಣ: ಸರಿ, ಎಸ್‌ಜಿಒಟಿ? ಅದು ಲಿವರ್ ಟೆಸ್ಟ್ ಅಲ್ವಾ?

ನಾನು: ಅದೊಂದು ಎಂಜೈಮ್, ಲಿವರ್‌ನಲ್ಲಿ ಮಾತ್ರ ಅಲ್ಲ, ಸ್ನಾಯುವಿನಲ್ಲೂ ಇರುತ್ತದೆ. ಹೆಚ್ಚಾಗಿ ಲಿವರ್‌ನಲ್ಲೇ ಇರುವುದು ಎಸ್‌ಜಿಪಿಟಿ, ಅದು ಎಷ್ಟಿದೆ ಅತ್ತಿಗೆ? ಇನ್ನೊಂದು ವಿಷಯ, ಪುಟ್ಟನಿಗೆ ಕಾಲು ನೋವಿದೆಯಾ?

ಗೀತಾ ಅತ್ತಿಗೆ: ಎಸ್‌ಜಿಪಿಟಿ 38. ಕಾಲು ನೋವು ಅಂತ ನಿನ್ನೆಯಿಂದ ಅಳುತ್ತಿದ್ದಾನೆ! ಜ್ವರ ಇಳಿಯಿತು ಅನ್ನುವಷ್ಟರಲ್ಲಿ ಶುರುವಾಯಿತು. ಹಿಮ್ಮಡಿ ಊರುವುದೇ ಇಲ್ಲ, ತುದಿಗಾಲಲ್ಲಿ ನಡೆಯುತ್ತಾನೆ. ಹಟ ಅಂದುಕೊಂಡಿದ್ದೆ.

ನಾನು: ಹಟ ಇರಲಾರದು. ಫ್ಲೂ ಆದ ಮೇಲೆ, ಅದರಲ್ಲೂ ಬಿ ಟೈಪ್ ಆದ ಮೇಲೆ, ಕೆಲವು ಮಕ್ಕಳಿಗೆ ಮೀನಖಂಡದ ಸ್ನಾಯು ಊದಿಕೊಂಡು ನೋಯುತ್ತದೆ. ದೊಡ್ಡವರಿಗೆ ಮೈಕೈ ನೋವು ಮೊದಲ ದಿನವೇ ಮೈಯೆಲ್ಲ ಹಿಡಿಯುತ್ತದೆ, ಇದು ಹಾಗಲ್ಲ, ಜ್ವರ ಇಳಿಯುವ ಹೊತ್ತಿಗೆ ಬರುತ್ತದೆ, ಎರಡೂ ಕಾಲಿಗೆ. ಸಾಮಾನ್ಯವಾಗಿ ವಾರದೊಳಗೆ ಹೋಗುತ್ತದೆ. ಎಸ್‌ಜಿಪಿಟಿ ಅಷ್ಟು ಏರಿಲ್ಲ, ಹಾಗಾಗಿ ಸ್ನಾಯುವಿನಿಂದಲೇ ಎಸ್‌ಜಿಒಟಿ ಏರಿರಬಹುದು. ಸಿಪಿಕೆ (ಸ್ನಾಯುವಿಗೆ ಪೆಟ್ಟಾಗಿದೆಯಾ ಅಂತ ನೋಡುವ ರಕ್ತ ಪರೀಕ್ಷೆ) ಮಾಡಿಸಬೇಕಾ ಅಂತ ಮಕ್ಕಳ ಡಾಕ್ಟರನ್ನೇ ಕೇಳಿ, ಕಾಲನ್ನೂ ತೋರಿಸಿ. ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ, ಅಥವಾ ಕಾಲಿಗೆ ಬಲವೇ ಇಲ್ಲದಂತಾದರೆ ಕಾಯಬೇಡಿ, ಆಗಲೇ ಹೊರಡಿ.

ರಮೇಶಣ್ಣ: ನಾನು ಈಗ ಎದ್ದೆ. ನನಗೆ ವಾಂತಿ ಆಗಲಿಲ್ಲ, ಅವನಿಗೆ ಯಾಕೆ?

ನಾನು: ಮಕ್ಕಳಿಗೆ ಫ್ಲೂನಲ್ಲಿ ವಾಂತಿ ಭೇದಿ ದೊಡ್ಡವರಿಗಿಂತ ಜಾಸ್ತಿ ಅಣ್ಣ. ಜ್ವರವೂ ಹೆಚ್ಚು ಏರುತ್ತದೆ, ಕಿವಿ ನೋವು ಬರುತ್ತದೆ, ಚಿಕ್ಕವರಿಗೆ ಜ್ವರದ ಫಿಟ್ಸ್ ಕೂಡ ಬರಬಹುದು. ತಿಂಗಳ ಕೂಸಾದರೆ ಕೆಮ್ಮೇ ಇಲ್ಲದೆ ಬರೀ ಜ್ವರ, ಹಾಲು ಬೇಡ ಅನ್ನುವುದು, ಅಷ್ಟೇ ಇರಬಹುದು. ಮತ್ತೆ, ನೋವಿಗೆ ಅಂತ ಪುಟ್ಟನಿಗೆ ಆಸ್ಪಿರಿನ್ ಮಾತ್ರ ಯಾರೂ ಕೊಡಬೇಡಿ. ಫ್ಲೂ ಇರುವ ಮಕ್ಕಳಿಗೆ ಅದರಿಂದ ಮೆದುಳು, ಲಿವರ್ ಎರಡಕ್ಕೂ ಪೆಟ್ಟು ಬೀಳುವ ರೈ ಸಿಂಡ್ರೋಮ್ ಬರಬಹುದು. ಲಿವರ್ ಬಗ್ಗೆ ಹೆದರಬೇಕಾದದ್ದು ಅಲ್ಲಿ.

ದೊಡ್ಡಪ್ಪ: ಹಾಗಾದರೆ ಮೆಸೇಜು ಪೂರ್ತಿ ಸುಳ್ಳೇ? ನನ್ನ ವಯಸ್ಸಿನವರಿಗಾದರೂ ಸರಿ ಹೊಂದುತ್ತದೆ ಬಿಡು.

ನಾನು: ಜ್ವರ, ಕೆಮ್ಮು, ಮೈಕೈ ನೋವು ಅನ್ನುವ ಮಾತು ಅಣ್ಣನ ವಯಸ್ಸಿಗೆ ಹೆಚ್ಚುಕಮ್ಮಿ ಹೊಂದುತ್ತದೆ ದೊಡ್ಡಪ್ಪ, ನಿಮ್ಮದಕ್ಕೆ ಅಷ್ಟೂ ಇಲ್ಲ 😄 ವಯಸ್ಸಾದವರಿಗೆ ಕೆಲವು ಸಲ ಜ್ವರವೇ ಬರುವುದಿಲ್ಲ. ಸುಸ್ತು, ಊಟ ಬೇಡ, ಮಂಕು, ಮಾತು ಗೊಂದಲ, ಇಷ್ಟೇ ಇರುತ್ತದೆ.

ದೊಡ್ಡಪ್ಪ: ನಿನ್ನ ದೊಡ್ಡಮ್ಮ ಬೆಳಗ್ಗೆಯಿಂದ ಹಾಸಿಗೆ ಬಿಟ್ಟು ಎದ್ದಿಲ್ಲ. ಮೈ ಬಿಸಿ ಇಲ್ಲ ಅಂತ ನಾನೂ ಸುಮ್ಮನಿದ್ದೆ. ಇವತ್ತು ಯಾವ ವಾರ ಅಂತ ಎರಡು ಸಲ ಕೇಳಿದಳು.

ನಾನು: ದೊಡ್ಡಪ್ಪ, ಈಗಲೇ ಫೋನ್ ಮಾಡ್ತಿದ್ದೀನಿ, ಎತ್ತಿ. ಕಿರಣ, ನೀನು ಕಾರು ತೆಗಿ.