ಹತ್ತು ಹನ್ನೆರಡರ ರೂಮಿನಲ್ಲಿ ಮೃದಂಗ ಯಾಕೆ ಗುಂಯ್‌ಗುಡುತ್ತದೆ?

ಪ್ರಶ್ನೆ, ಮೈಸೂರಿನಿಂದ:

ನಮಸ್ಕಾರ ಸರ್. ಅಪ್ಪ ಹೋದ ಮೇಲೆ ಅವರ ಆಂಪ್ಲಿಫೈಯರ್, ಎರಡು ಸ್ಪೀಕರ್ ಮತ್ತು ಕ್ಯಾಸೆಟ್‌ನಿಂದ ಸಿ.ಡಿ.ಗೆ ಇಳಿಸಿಟ್ಟ ಕಛೇರಿಗಳು ನಮ್ಮ ಮನೆಗೆ ಬಂದಿವೆ. ಊರಿನ ಹೆಂಚಿನ ಮನೆಯಲ್ಲಿ ಇದೇ ಸ್ಪೀಕರ್‌ಗಳಲ್ಲಿ ದೊರೆಸ್ವಾಮಿ ಅಯ್ಯಂಗಾರರ ವೀಣೆ ಕೇಳಿ ಬೆಳೆದವಳು ನಾನು. ಒಂದೊಂದು ಮೀಟೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ಇಲ್ಲಿ ಫ್ಲಾಟಿನ ರೂಮಿನಲ್ಲಿ ಹಾಕಿದರೆ ಮೃದಂಗ ಬರೀ ಗುಂಯ್ ಅನ್ನುತ್ತದೆ, ಪಿಟೀಲು ಕಿವಿಗೆ ಚುಚ್ಚುತ್ತದೆ. ರೂಮು 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರ. ನೆಲಕ್ಕೆ ಟೈಲ್ಸ್, ಎಡಗಡೆ ಗಾಜಿನ ಕಿಟಕಿ, ಬಲಗಡೆ ಕಬ್ಬಿಣದ ಬೀರು. ಸ್ಪೀಕರ್‌ಗಳು ಗೋಡೆಯ ಷೋಕೇಸ್ ಒಳಗಿವೆ. ನಾನು ಎದುರು ಗೋಡೆಗೆ ಒತ್ತಿಟ್ಟ ದಿವಾನದ ಮೇಲೆ ಕೂರುತ್ತೇನೆ. ಅಂಗಡಿಯವರೊಬ್ಬರು "ಸ್ಪೀಕರ್ ಹಳೇದಾಯ್ತು, ಬದಲಾಯಿಸಿ" ಅಂದರು. ಇನ್ನೊಬ್ಬರು ಗೋಡೆಗೆಲ್ಲ ಫೋಮ್ ಅಂಟಿಸಿ ಅಂದರು. ಯಾವುದು ಸರಿ?

ಉತ್ತರ:

ಮೇಡಂ, ಸದ್ಯಕ್ಕೆ ಎರಡೂ ಬೇಡ. ಅಪ್ಪನ ಸ್ಪೀಕರ್ ಕೊಡಬೇಡಿ. ಅದೇ ಸ್ಪೀಕರ್ ಊರಲ್ಲಿ ಚೆನ್ನಾಗಿತ್ತು, ಇಲ್ಲಿ ಕೆಟ್ಟಿದೆ ಅಂದರೆ ಬದಲಾಗಿದ್ದು ರೂಮು, ಅಲ್ವಾ? ನಾನು ಸ್ಟುಡಿಯೋ ರೂಮುಗಳ ಕೆಲಸ ಮಾಡುವವನು. ಹತ್ತು ಮನೆಗೆ ಹೋದರೆ ಎಂಟು ಕಡೆ ನೋಡುವುದು ನೀವು ಬರೆದ ಇದೇ ಚಿತ್ರ: ಸ್ಪೀಕರ್ ಗೋಡೆಯೊಳಗೆ, ಕೇಳುವವರ ತಲೆ ಎದುರು ಗೋಡೆಗೆ.

ಹೆಂಚಿನ ಮನೆಯ ವಿಷಯ ಮೊದಲು ಹೇಳುತ್ತೇನೆ. ಹೆಂಚು ಹೆಂಚಿನ ನಡುವೆ ಸಂದು ಇರುತ್ತದೆ. ಮಾಡು ಇಳಿಜಾರು. ಕೆಳಗಿನ ಸ್ವರಗಳು, ಅಂದರೆ ಬಾಸ್, ಆ ಸಂದುಗಳಿಂದ ಹೊರಗೆ ಹೋಗಿಬಿಡುತ್ತವೆ. ಆರ್.ಸಿ.ಸಿ. ಡಬ್ಬಿಯಲ್ಲಿ ಅವಕ್ಕೆ ದಾರಿಯೇ ಇಲ್ಲ. ಗೋಡೆಯಿಂದ ಗೋಡೆಗೆ ಓಡಾಡುತ್ತಾ ನಿಧಾನವಾಗಿ ಸಾಯುತ್ತವೆ. ಒಂದು ಪೆಟ್ಟಿನ ಬಾಲ ಮುಗಿಯುವ ಮೊದಲೇ ಮುಂದಿನ ಪೆಟ್ಟು ಬೀಳುತ್ತದೆ. ನಿಮಗೆ ಗುಂಯ್ ಅಂತ ಕೇಳುವುದು ಅದೇ.

ಪ್ರತಿ ರೂಮಿಗೂ ತನ್ನದೇ ಸ್ವರಗಳಿವೆ. ಲೆಕ್ಕ ಸುಲಭ. ಶಬ್ದ ಸೆಕೆಂಡಿಗೆ ಸುಮಾರು 1130 ಅಡಿ ಹೋಗುತ್ತದೆ. ಅದರ ಅರ್ಧ 565. ಇದನ್ನು ರೂಮಿನ ಅಳತೆಯಿಂದ ಭಾಗಿಸಿ. 12 ಅಡಿಗೆ 47 ಹರ್ಟ್ಸ್, ಅಂದರೆ ಸೆಕೆಂಡಿಗೆ 47 ಕಂಪನ. 10 ಅಡಿಗೆ 56 ಹರ್ಟ್ಸ್. ನಿಮ್ಮಲ್ಲಿ ಅಗಲವೂ ಹತ್ತು, ಎತ್ತರವೂ ಹತ್ತು. ಹಾಗಾಗಿ 56 ಹರ್ಟ್ಸ್ ಎರಡು ಪಟ್ಟು ಸೇರಿಕೊಂಡು ಉಬ್ಬುತ್ತದೆ. ಅದರ ದುಪ್ಪಟ್ಟು 113ರ ಹತ್ತಿರವೂ ಇನ್ನೊಂದು ಉಬ್ಬು.

ಕಿವಿಯಲ್ಲೇ ಪರೀಕ್ಷೆ ಮಾಡಬಹುದು. ಮೃದಂಗದ ತನಿ, ಅಂದರೆ ಮೃದಂಗ ಒಂದೇ ನುಡಿಯುವ ಭಾಗ, ಇರುವ ರೆಕಾರ್ಡಿಂಗ್ ಹಾಕಿ. ಎಡಗೈಯಲ್ಲಿ ಗುಮ್ಕಿ ಎಳೆದಾಗ ನಾದ ಕೆಳಗಿಂದ ಮೇಲಕ್ಕೆ ಜಾರುತ್ತದೆ ತಾನೇ? ಆ ಜಾರು ಒಂದೇ ಸಮನಾಗಿ ಕೇಳಬೇಕು. ನಡುವೆ ಒಂದು ಕಡೆ ಮಾತ್ರ ಧಡಕ್ಕನೆ ದಪ್ಪಗಾಯಿತು ಅನ್ನಿ, ಆ ಸ್ವರ ರೂಮಿನದು, ಮೃದಂಗದ್ದಲ್ಲ. ನಾನು ಯಾವ ಮನೆಗೆ ಹೋದರೂ ಮೊದಲು ಇದನ್ನೇ ಹಾಕಿ ಕೇಳುತ್ತೇನೆ.

ಈಗ ಮಾಡಬೇಕಾದ ಕೆಲಸ. ದಿವಾನವನ್ನು ಗೋಡೆಯಿಂದ ಎಳೆಯಿರಿ. ಬಾಸ್‌ನ ಒತ್ತಡ ಗೋಡೆಯ ಹತ್ತಿರ ತುಂಬಾ ಜಾಸ್ತಿ. ಹಾಗಂತ ರೂಮಿನ ಸರಿಮಧ್ಯಕ್ಕೂ ಬರಬೇಡಿ, ಅಲ್ಲಿ 47 ಹರ್ಟ್ಸ್ ಪೂರ್ತಿ ಕಾಣೆಯಾಗುತ್ತದೆ. ಉದ್ದದ ನೂರಕ್ಕೆ 38 ಭಾಗ ಅನ್ನುವುದು ನಾವು ಶುರು ಮಾಡುವ ಜಾಗ. ನಿಮ್ಮ ರೂಮಿಗೆ ಅದು ನಿಮ್ಮ ಬೆನ್ನ ಹಿಂದಿನ ಗೋಡೆಯಿಂದ ತಲೆಗೆ ನಾಲ್ಕೂವರೆ ಅಡಿ. ಸ್ಪೀಕರ್‌ಗಳನ್ನು ಷೋಕೇಸಿನಿಂದ ಹೊರಗೆ ತೆಗೆದು ಗಟ್ಟಿ ಸ್ಟ್ಯಾಂಡ್ ಮೇಲಿಡಿ. ಸಣ್ಣ ಸ್ವರದ ಕೋನ್, ಅಂದರೆ ಟ್ವೀಟರ್, ಕೂತಾಗ ಕಿವಿಯ ಎತ್ತರಕ್ಕೆ ಬರಲಿ. ಸ್ಪೀಕರ್‌ಗಳ ನಡುವೆ ಐದೂವರೆ ಅಡಿ, ಒಂದೊಂದರಿಂದಲೂ ನಿಮ್ಮ ತಲೆಗೆ ಅಷ್ಟೇ ದೂರ. ಹೀಗೆ ತ್ರಿಕೋನ ಮಾಡಿದರೆ ಸ್ಪೀಕರ್‌ಗಳು ತಮ್ಮ ಹಿಂದಿನ ಗೋಡೆಯಿಂದ ಎರಡೂಮುಕ್ಕಾಲು ಅಡಿ ಮುಂದಕ್ಕೆ, ಪಕ್ಕದ ಗೋಡೆಯಿಂದ ಎರಡೂಕಾಲು ಅಡಿ ಒಳಕ್ಕೆ ಬರುತ್ತವೆ. ಆಮೇಲೆ ಅರ್ಧರ್ಧ ಅಡಿ ಹಿಂದೆ ಮುಂದೆ ಸರಿಸಿ ಗುಮ್ಕಿ ಕೇಳಿ. ಈ ಕೆಲಸಕ್ಕೆ ಒಂದು ಭಾನುವಾರ ಪೂರ್ತಿ ಇಡಿ. ಖರ್ಚು ಸ್ಟ್ಯಾಂಡಿಗೆ ಮಾತ್ರ.

ಪಿಟೀಲು ಚುಚ್ಚುವುದು ಬೇರೆ ಕಥೆ. ರೂಮಿನ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಕೊನೆಯಲ್ಲಿ ತಂತಿ ಮೀಟಿದ ಹಾಗೆ "ಝ್‌ರ್‌ರ್" ಅಂತ ಬಂದರೆ, ಎದುರುಬದುರು ಬರಿಗೋಡೆಗಳ ನಡುವೆ ಶಬ್ದ ಚೆಂಡಿನ ಹಾಗೆ ಪುಟಿಯುತ್ತಿದೆ. ಇದಕ್ಕೆ ಕನ್ನಡಿ ಬೇಕು. ನೀವು ಕೂರುವ ಜಾಗದಲ್ಲಿ ಕೂತುಕೊಳ್ಳಿ. ಮನೆಯವರೊಬ್ಬರು ಮುಖ ನೋಡುವ ಕನ್ನಡಿಯನ್ನು ನಿಮ್ಮ ಕಿವಿಯ ಎತ್ತರಕ್ಕೆ ಹಿಡಿದು ಪಕ್ಕದ ಗೋಡೆಗೆ ತಾಗಿಸಿ ನಿಧಾನ ಸರಿಸಲಿ. ಕನ್ನಡಿಯಲ್ಲಿ ನಿಮಗೆ ಸ್ಪೀಕರ್ ಎಲ್ಲಿ ಕಂಡಿತೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಸ್ಪೀಕರ್‌ನಿಂದ ಹೊರಟ ಶಬ್ದ ಅದೇ ಜಾಗಕ್ಕೆ ಬಡಿದು, ನೇರ ಬಂದದ್ದರ ಬೆನ್ನಿಗೇ ನಿಮ್ಮ ಕಿವಿಗೆ ಬರುತ್ತದೆ. ಎಡಕ್ಕೊಂದು, ಬಲಕ್ಕೊಂದು, ಅಷ್ಟಕ್ಕೇ ಹೊದಿಕೆ ಸಾಕು. ಟೈಲ್ಸ್ ಮೇಲೆ, ಸ್ಪೀಕರ್‌ಗೂ ನಿಮಗೂ ನಡುವೆ, ದಪ್ಪ ಜಮಖಾನ ಹಾಸಿ.

ಹುಬ್ಬಳ್ಳಿಯ ಸದಸ್ಯರು:

ಸರ್, ನಮ್ಮನೆಯಲ್ಲಿ ಅವ್ವ ಹೊಲಿದ ಕೌದಿ ನಾಲ್ಕೈದು ಇವೆ. ಗೋಡೆಗೆ ಅದನ್ನೇ ತೂಗುಹಾಕಿದರೆ ನಡೆಯುತ್ತದೆಯೇ? ಹಂಗ ನೋಡಿದರೆ ಚೆಂದವೂ ಕಾಣುತ್ತದೆ.

ಉತ್ತರ:

ನಡೆಯುತ್ತದೆ ರೀ, ಚೆನ್ನಾಗಿಯೇ ನಡೆಯುತ್ತದೆ. ಹಳೇ ಸೀರೆ, ಧೋತರ ಪದರಪದರವಾಗಿ ಸೇರಿಸಿ ಒತ್ತೊತ್ತಾಗಿ ಹೊಲಿದಿರುತ್ತಾರೆ, ಒಳಗೆ ಗಾಳಿ ಆಡುತ್ತದೆ. ಶಬ್ದ ಹೀರುವ ವಸ್ತುವಿಗೆ ಬೇಕಾದ ಗುಣ ಅದೇ. ಗೋಡೆಗೆ ಅಂಟಿಸಬೇಡಿ. ಬಿದಿರು ಗಳಕ್ಕೆ ಹಾಕಿ ಗೋಡೆಯಿಂದ ಮೂರು ನಾಲ್ಕು ಇಂಚು ಮುಂದೆ ತೂಗಲಿ. ಗೋಡೆಗೆ ತಾಗಿದ ಜಾಗದಲ್ಲಿ ಗಾಳಿಯ ಕಣ ಅಲ್ಲಾಡುವುದಿಲ್ಲ, ಸ್ವಲ್ಪ ಮುಂದೆ ಬಂದರೆ ಅಲ್ಲಾಡುತ್ತದೆ. ಅಲ್ಲಾಡುವ ಕಡೆ ಬಟ್ಟೆ ಇದ್ದರೆ ತಾನೇ ತಿಕ್ಕಾಟ ಆಗುವುದು. ಪಿಟೀಲಿನ, ಮಾತಿನ ಚುಚ್ಚು ಇದರಿಂದ ಇಳಿಯುತ್ತದೆ. ಬಾಸ್ ಮಾತ್ರ ಕೌದಿಗೆ ಬಗ್ಗುವುದಿಲ್ಲ.

ತುಮಕೂರಿನ ಸದಸ್ಯರು:

ಮೊಟ್ಟೆ ಟ್ರೇ ಅಂಟಿಸಿದರೆ ಸಾಕು ಅಂತ ಎಲ್ಲರೂ ಹೇಳುತ್ತಾರಲ್ಲ ಸರ್? ನಾನು ಅರ್ಧ ಗೋಡೆ ಮುಗಿಸಿದ್ದೇನೆ.

ಉತ್ತರ:

ದಯವಿಟ್ಟು ತೆಗೆದುಬಿಡಿ. ತೆಳ್ಳಗಿನ ಕಾಗದದ ರಟ್ಟು ಅದು, ಹೀರುವುದು ಅತಿ ಕಡಿಮೆ. ಬೆಂಕಿ ಮಾತ್ರ ಬೇಗ ಹಿಡಿಯುತ್ತದೆ. ಅಗ್ಗದ ಫೋಮ್ ಕೂಡ ಹಾಗೆಯೇ, ದೇವರ ದೀಪ ಹಚ್ಚುವ ಗೋಡೆಯ ಹತ್ತಿರವಂತೂ ಬೇಡವೇ ಬೇಡ.

ಫೋಮ್ ವಿಷಯದಲ್ಲಿ ನನ್ನ ಅನುಭವ ಒಂದಿದೆ. ಕೆಲಸ ಶುರು ಮಾಡಿದ ವರ್ಷ ಒಬ್ಬ ಗಾಯಕರ ರೂಮಿಗೆ ನಾಲ್ಕೂ ಗೋಡೆಗೆ ಒಂದಿಂಚಿನ ಫೋಮ್ ಹೊಡೆಸಿದೆ. ಅವರು ಕೂತು ಸಾ ಹಿಡಿದರು. ಎರಡು ಆವರ್ತ ಹಾಡಿ ನಿಲ್ಲಿಸಿಬಿಟ್ಟರು. "ನನ್ನ ಧ್ವನಿ ಬಾಯಿಂದ ಆಚೆಗೇ ಹೋಗ್ತಿಲ್ಲ" ಅಂದರು. ತಂಬೂರಿಯ ಜೀವಾಳ ಸತ್ತಿತ್ತು, ಕೆಳಗಿನ ಗುಂಯ್ ಮಾತ್ರ ಹಾಗೇ ಉಳಿದಿತ್ತು. ಒಂದಿಂಚು ದಪ್ಪದ ವಸ್ತು ಮೇಲಿನ ಸ್ವರಗಳನ್ನಷ್ಟೇ ತಿನ್ನುತ್ತದೆ. 56 ಹರ್ಟ್ಸ್‌ನ ಒಂದು ಅಲೆಯ ಉದ್ದ 20 ಅಡಿ. ಇಪ್ಪತ್ತಡಿಯ ಅಲೆಗೆ ಒಂದಿಂಚು ಯಾವ ಲೆಕ್ಕ? ಮುಕ್ಕಾಲು ಪಾಲು ಕಿತ್ತು, ಮೂಲೆಗೆ ದಪ್ಪ ಹಾಕಿದ ಮೇಲೆ ಅವರು ಮತ್ತೆ ಹಾಡಿದರು. ಅಂದಿನಿಂದ ಯಾರೇ ಕೇಳಿದರೂ ಮೊದಲು ಮೂಲೆ ನೋಡಿ ಅನ್ನುತ್ತೇನೆ.

ಪ್ರಶ್ನೆ ಕೇಳಿದವರು:

ಸರ್, ಮೂಲೆಗೆ ದಪ್ಪ ಅಂದರೆ ಏನು ಹಾಕಬೇಕು? ಇಂಥದ್ದು ನಿಜಕ್ಕೂ ಬೇಕಾ ಅಂತ ಮೊದಲೇ ತಿಳಿಯಬಹುದಾ?

ಉತ್ತರ:

ತಿಳಿಯಬಹುದು. ಅಟ್ಟದ ಮೇಲೆ ಹಳೇ ಹತ್ತಿ ಹಾಸಿಗೆ ಇದ್ದರೆ ಎರಡು ಇಳಿಸಿ. ಸುರುಳಿ ಸುತ್ತಿ, ಹಗ್ಗ ಕಟ್ಟಿ, ಸ್ಪೀಕರ್ ಹಿಂದಿನ ಎರಡು ಮೂಲೆಗಳಲ್ಲಿ ನಿಲ್ಲಿಸಿ. ಅದೇ ತನಿ ಹಾಕಿ. ಆಮೇಲೆ ಹಾಸಿಗೆ ಹೊರಗಿಟ್ಟು ಇನ್ನೊಮ್ಮೆ ಹಾಕಿ. ಪೆಟ್ಟಿನ ಬಾಲ ಚಿಕ್ಕದಾಗಿದ್ದು ಗೊತ್ತಾದರೆ ನಿಮ್ಮ ದುಡ್ಡು ಅಲ್ಲಿ ಹಾಕಬಹುದು.

ಹಾಸಿಗೆ ದಿಂಬಿನ ಮಾತು ಚಿಲ್ಲರೆ ಅನ್ನಿಸಬಾರದು. ಈ ಶಾಸ್ತ್ರ ಹುಟ್ಟಿದ್ದೇ ಹಾಗೆ. 1895ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಒಂದು ಉಪನ್ಯಾಸದ ಕೋಣೆ ಕಟ್ಟಿ, ಅಲ್ಲಿ ಹೇಳಿದ ಮಾತು ಯಾರಿಗೂ ತಿಳಿಯದ ಹಾಗಾಯಿತು. ಸರಿಮಾಡಿ ಅಂತ ವಾಲೇಸ್ ಸಬೈನ್ ಎಂಬ ಭೌತಶಾಸ್ತ್ರದ ಮೇಷ್ಟ್ರಿಗೆ ಹೇಳಿದರು. ಅವರು ಹತ್ತಿರದ ರಂಗಮಂದಿರದ ಕುರ್ಚಿ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು, ಒಂದು ಆರ್ಗನ್ ಕೊಳವೆ ಊದಿಸಿ, ಮೆತ್ತೆ ಹೆಚ್ಚಿದ ಹಾಗೆ ದನಿ ಎಷ್ಟು ಬೇಗ ಸಾಯುತ್ತದೆ ಅಂತ ಗಡಿಯಾರ ಹಿಡಿದು ಅಳೆದರು. ಅಲ್ಲಿಂದ ಬಂದ ಸೂತ್ರವನ್ನೇ ನಾವು ಇವತ್ತಿಗೂ ಬಳಸುತ್ತೇವೆ. 1900ರಲ್ಲಿ ತೆರೆದ ಬಾಸ್ಟನ್ ಸಿಂಫನಿ ಹಾಲ್‌ಗೂ ಸಲಹೆಗಾರರು ಅವರೇ.

ಖಾಯಂ ಕೆಲಸಕ್ಕೆ ರಾಕ್‌ವೂಲ್, ಅಂದರೆ ಕಲ್ಲಿನ ನಾರಿನ, ಹಲಗೆ ತಗೊಳ್ಳಿ. ಎ.ಸಿ. ಡಕ್ಟ್, ಜಿಪ್ಸಮ್ ಪಾರ್ಟಿಷನ್ ಸಾಮಾನು ಮಾರುವವರ ಹತ್ತಿರ ಸಿಗುತ್ತದೆ. ಎರಡಿಂಚು ದಪ್ಪ, ಸಾಂದ್ರತೆ (ಘನ ಮೀಟರಿಗೆ ಎಷ್ಟು ಕಿಲೋ) 48 ಅಥವಾ 64 ಅಂತ ಕೇಳಿ. ನಾಲ್ಕಡಿಗೆ ಎರಡಡಿಯ ಮರದ ಚೌಕಟ್ಟು ಮಾಡಿಸಿ, ಮೂರು ಪದರ ಜೋಡಿಸಿ ಆರಿಂಚು ಮಾಡಿ, ಮೂಲೆಗೆ ಅಡ್ಡಲಾಗಿ ನಿಲ್ಲಿಸಿ. ಒಂದರ ಮೇಲೊಂದು ಇಟ್ಟು ಎಂಟಡಿ ಎತ್ತರ ಮುಟ್ಟಿಸಿದರೆ ಇನ್ನೂ ಒಳ್ಳೆಯದು. ಚೌಕಟ್ಟಿಗೆ ಹೊದಿಸುವ ಬಟ್ಟೆ ಆಯ್ದುಕೊಳ್ಳುವಾಗ ಬಾಯಿಗೆ ಒತ್ತಿಕೊಂಡು ಊದಿ. ಉಸಿರು ಆಚೆ ಹೋದರೆ ಶಬ್ದವೂ ಹೋಗುತ್ತದೆ. ರೆಕ್ಸಿನ್ ಬೇಡ. ಕತ್ತರಿಸುವಾಗ ಕೈಗವಸು, ಮಾಸ್ಕ್ ಕಡ್ಡಾಯ, ಅದರ ನಾರು ಮೈಗೆ ತಾಗಿದರೆ ತುರಿಸುತ್ತದೆ. ಪಕ್ಕದ ಗೋಡೆಯ ಪೆನ್ಸಿಲ್ ಗುರುತಿಗೆ ಎರಡು ಪದರದ್ದು ಸಾಕು.

ಇದರಿಂದ 56 ಹರ್ಟ್ಸ್ ಪೂರ್ತಿ ಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ನೂರರ ಮೇಲಿನದು ಚೆನ್ನಾಗಿ ಬಿಗಿಯಾಗುತ್ತದೆ, ಕೆಳಗಿನದು ಸ್ವಲ್ಪ ತಗ್ಗುತ್ತದೆ. ಉಳಿದದ್ದು ಕೂರುವ ಜಾಗದಿಂದಲೇ ಸರಿಹೋಗಬೇಕು.

ಮಂಗಳೂರಿನ ಸದಸ್ಯರು:

ನಮ್ಮ ಕಡೆ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ. ಬೂಸ್ಟು ಹಿಡಿಯುವುದಿಲ್ಲವಾ?

ಉತ್ತರ:

ಹತ್ತಿ ಹಾಸಿಗೆ ಹಿಡಿಯುತ್ತದೆ. ನಿಮಗೆ ರಾಕ್‌ವೂಲೇ ಸರಿ, ಅದು ಕಲ್ಲಿನ ನಾರು, ಕೊಳೆಯುವುದಿಲ್ಲ. ಹೊರಗೋಡೆಯಿಂದ ಮೂರಿಂಚು ಬಿಟ್ಟು ನಿಲ್ಲಿಸಿ, ಆ ಸಂದು ಶಬ್ದಕ್ಕೂ ಒಳ್ಳೆಯದೇ. ಬಿಸಿಲು ಬಂದ ದಿನ ಬಟ್ಟೆ ತೆಗೆದು ಒಣಗಿಸಿ.

ಬೆಂಗಳೂರಿನ ಸದಸ್ಯರು:

ಇಷ್ಟೆಲ್ಲ ಮಾಡುವ ಬದಲು, ಬೇಕಾದ ಸ್ವರವನ್ನಷ್ಟೇ ಏರಿಸಿ ಇಳಿಸುವ ಈಕ್ವಲೈಜರ್‌ನಲ್ಲಿ 56 ಹರ್ಟ್ಸ್ ಇಳಿಸಿದರೆ ಆಯಿತಲ್ಲ? ಹಾಗೇ, ಈ ಪ್ಯಾನೆಲ್ ಹಾಕಿದರೆ ಮೇಲಿನ ಮನೆಯವರಿಗೆ ಕೇಳುವುದು ನಿಲ್ಲುತ್ತದಾ?

ಉತ್ತರ:

ಉಬ್ಬಿದ್ದನ್ನು ಇಳಿಸಬಹುದು, ಅದು ನ್ಯಾಯವಾದ ಉಪಾಯ. ತಗ್ಗಿದ್ದನ್ನು ಮಾತ್ರ ಏರಿಸಬೇಡಿ. ಅಲ್ಲಿ ಎರಡು ಅಲೆ ಒಂದನ್ನೊಂದು ಅಳಿಸುತ್ತಿರುತ್ತವೆ, ಏರಿಸಿದಷ್ಟೂ ಅಳಿಸುತ್ತವೆ, ಆಂಪ್ಲಿಫೈಯರ್ ಸುಮ್ನೆ ಬಿಸಿಯಾಗುತ್ತದೆ. ಸ್ಪೀಕರ್ ಜಾಗ ಸರಿಮಾಡಿ, ಮೂಲೆ ತುಂಬಿ, ಕೊನೆಗೆ ಈಕ್ವಲೈಜರ್ ಮುಟ್ಟಿ. ರೂಮ್ ಈಕ್ಯೂ ವಿಜಾರ್ಡ್ ಅನ್ನುವ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಒಂದು ಅಳತೆಯ ಮೈಕ್ ಇದ್ದರೆ ಉಬ್ಬು ತಗ್ಗು ಗೆರೆಯಲ್ಲೇ ಕಾಣುತ್ತದೆ.

ಮೇಲಿನ ಮನೆಗೆ ಇದರಿಂದ ಏನೂ ಕಮ್ಮಿಯಾಗುವುದಿಲ್ಲ. ಶಬ್ದ ಆಚೆ ಹೋಗದಂತೆ ತಡೆಯಲು ಭಾರ ಬೇಕು, ಸಂದು ಮುಚ್ಚಬೇಕು. ಅದು ಬೇರೆಯೇ ಕೆಲಸ.

ಪ್ರಶ್ನೆ ಕೇಳಿದವರು, ಮೂರು ವಾರದ ನಂತರ:

ಸರ್, ದಿವಾನ ಎಳೆದ ದಿನವೇ ಅರ್ಧ ಗುಂಯ್ ಹೋಯಿತು. ಕನ್ನಡಿಯಲ್ಲಿ ಸ್ಪೀಕರ್ ಕಂಡಿದ್ದು ಸರಿಯಾಗಿ ಬೀರುವಿನ ಬಾಗಿಲ ಮೇಲೆ. ಹತ್ತಿ ಹಾಸಿಗೆ ಇನ್ನೂ ಮೂಲೆಯಲ್ಲೇ ಇದೆ, ಚೌಕಟ್ಟು ಬಡಗಿಯ ಹತ್ತಿರ ಇದೆ. ನಿನ್ನೆ ರಾತ್ರಿ ವೀಣೆ ಹಾಕಿದೆ. ಮೆಟ್ಟಿಲ ಮೇಲೆ ಬೆರಳು ಜಾರುವ ಸದ್ದು ಕೇಳಿತು ಸರ್. ಊರಿನ ಮನೆ ಬಿಟ್ಟ ಮೇಲೆ ಇದೇ ಮೊದಲು. ಆದರೆ ಮೃದಂಗ ಜೋರಾದಾಗ ಬಲಗಡೆ ಏನೋ ಗಿರಗಿರ ಅನ್ನುತ್ತದೆ. ಇನ್ನೊಂದು, ಬಾಗಿಲು ಮುಚ್ಚಿದರೆ ಬಾಸ್ ಮತ್ತೆ ಉಬ್ಬುತ್ತದೆ.

ಉತ್ತರ:

ಓದಿ ತುಂಬಾ ಸಂತೋಷವಾಯಿತು ಮೇಡಂ. ಗಿರಗಿರ ಅನ್ನುವುದು ಬೀರುವೇ ಇರಬೇಕು. ಫೋನನ್ನು ಆಂಪ್ಲಿಫೈಯರ್‌ಗೆ ಜೋಡಿಸಿ, 50ರಿಂದ 120 ಹರ್ಟ್ಸ್‌ವರೆಗೆ ಒಂದೊಂದೇ ಸ್ವರ ಸ್ಪೀಕರ್‌ಗಳಲ್ಲಿ ನುಡಿಸುತ್ತಾ ಬಾಗಿಲ ಮೇಲೆ ಅಂಗೈ ಇಡಿ. ಕೈಯಿಟ್ಟಾಗ ಸದ್ದು ನಿಂತರೆ ಬಾಗಿಲ ಅಂಚಿಗೆ ದಪ್ಪ ಬಟ್ಟೆಯ ಪಟ್ಟಿ ಅಂಟಿಸಿ. ಆಗುವುದಾದರೆ ಬೀರುವನ್ನು ನಿಮ್ಮ ಬೆನ್ನ ಹಿಂದಿನ ಮೂಲೆಗೆ ಕಳಿಸಿ, ಅದರ ಜಾಗಕ್ಕೆ ಪ್ಯಾನೆಲ್ ಬರಲಿ. ಎಡಗಡೆ ಕಿಟಕಿಯ ಗಾಜಿಗೂ ದಪ್ಪ ಪರದೆ ನೆರಿಗೆ ಬಿಟ್ಟು ಹಾಕಿ, ಎರಡೂ ಕಡೆ ಸಮ ಆಗಬೇಕು.

ಬಾಗಿಲ ವಿಷಯ ನೀವೇ ಕಂಡುಹಿಡಿದಿರಿ. ಬಾಸ್ ಹೊರಗೆ ಹೋಗಲು ನಿಮ್ಮ ರೂಮಿನಲ್ಲಿರುವ ದೊಡ್ಡ ದಾರಿ ಅದೊಂದೇ, ಹೆಂಚಿನ ಸಂದಿದ್ದ ಹಾಗೆ. ಚೌಕಟ್ಟು ಬರುವ ತನಕ ಬಾಗಿಲು ತೆರೆದಿಟ್ಟೇ ಕೇಳಿ. ಬಂದ ಮೇಲೆ ಮುಚ್ಚಿ ಒಂದು ಸಲ, ತೆರೆದು ಒಂದು ಸಲ ಅದೇ ತನಿ ಹಾಕಿ, ಗುಮ್ಕಿ ಹೇಗೆ ಜಾರಿತು ಅಂತ ಇಲ್ಲೇ ಬರೆಯಿರಿ.